ಗೇರ್ ಬೀಳದಿದ್ದರೆ ಗೇರ್‌ಬಾಕ್ಸನ್ನೇ ಬೈಯಬೇಡಿ

ಪ್ರಶ್ನೆ: ನನ್ನ ಹತ್ತಿರ 1972ರ ಎಂಜಿಬಿ, ಅಂದರೆ ಬ್ರಿಟಿಷ್ ಸ್ಪೋರ್ಟ್ಸ್ ಕಾರ್, ಇದೆ. ಕೊಂಡು ಒಂದು ವರ್ಷ ಆಯಿತು. ಅದಕ್ಕೂ ಮೊದಲು ಗಾಡಿ ಎರಡು ಮೂರು ವರ್ಷ ನಿಂತೇ ಇತ್ತಂತೆ. ಬೆಳಿಗ್ಗೆ ತಣ್ಣಗಿರುವಾಗ ಗೇರ್‌ಗಳು ಪರವಾಗಿಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಫಸ್ಟ್ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ತುಳಿದು ನಿಂತರೆ ಗಾಡಿ ಮೆಲ್ಲಗೆ ಮುಂದಕ್ಕೆ ಹೋಗಲು ನೋಡುತ್ತದೆ. ಪೆಡಲ್ ಎರಡು ಸಲ ಪಂಪ್ ಮಾಡಿದರೆ ಸ್ವಲ್ಪ ವಾಸಿ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಹೊಸದು ಹಾಕಿಸಿ ಎರಡು ಸಲ ಬ್ಲೀಡ್ ಮಾಡಿಸಿದೆ (ಪೈಪಿನ ಗಾಳಿ ತೆಗೆಸಿದೆ), ಏನೂ ಬದಲಾಗಲಿಲ್ಲ. ಸಿಂಕ್ರೋ (ಗೇರ್ ಬೀಳುವ ಮೊದಲು ಒಳಗಿನ ಭಾಗಗಳ ವೇಗವನ್ನು ಸರಿದೂಗಿಸುವ ಉಂಗುರ) ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಬೇಕು ಅನ್ನುತ್ತಾರೆ ಮೆಕ್ಯಾನಿಕ್. ಎಂಜಿನ್ ಇಳಿಸಲೇಬೇಕಾ?

ಉತ್ತರ: ಈಗಲೇ ಬೇಡ. ನೀವು ಬರೆದಿದ್ದನ್ನು ನೋಡಿದರೆ ಇದು ಗೇರ್‌ಬಾಕ್ಸ್ ರೋಗ ಅಲ್ಲ, ಕ್ಲಚ್ ಪೂರ್ತಿ ಕಟ್ ಆಗದಿರುವ, ಅಂದರೆ ತುಳಿದರೂ ಎಂಜಿನ್ನಿನಿಂದ ಪೂರ್ತಿ ಬಿಡದಿರುವ ರೋಗ. ಅದರ ಮೂಲವೂ ಎಂಜಿನ್ ಇಳಿಸದೇ ಕೈಗೆ ಸಿಗುವ ಜಾಗದಲ್ಲೇ ಇರುವ ಸಾಧ್ಯತೆ ಜಾಸ್ತಿ. ಎಂಜಿಬಿಯಲ್ಲಿ ಕ್ಲಚ್ ಮುಟ್ಟಬೇಕೆಂದರೆ ಎಂಜಿನ್ನೇ ಮೇಲೆ ಬರಬೇಕು. ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಿಕೊಳ್ಳುವ ಹಾಗೆ ಆ ಗಾಡಿಯನ್ನು ಕಟ್ಟಿಲ್ಲ. ಹಾಗಾಗಿ ಇದರಲ್ಲಿ ಊಹೆಯ ಮೇಲೆ ಕೆಲಸ ಶುರು ಮಾಡಿದರೆ ದಂಡ ತುಂಬಾ ದೊಡ್ಡದು.

ನಾನೂ ಆ ದಂಡ ಕಟ್ಟಿದವನೇ. ನನ್ನ ಮೊದಲ ಎಂಜಿಬಿಯಲ್ಲಿ ಇದೇ ತೊಂದರೆ ಇತ್ತು. ಕ್ಲಚ್ ಪ್ಲೇಟ್ ಮುಗಿದಿದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಮೂರು ದಿನ ಕೂತು ಎಂಜಿನ್ ಇಳಿಸಿದೆ. ಬಿಚ್ಚಿ ನೋಡಿದರೆ ಪ್ಲೇಟಿನ ಲೈನಿಂಗ್ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಇಳಿಸಿದ್ದಾಗಿದೆ ಅಲ್ವಾ ಎಂದು ಎಲ್ಲ ಹೊಸದು ಹಾಕಿ ಕೂರಿಸಿದೆ. ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಅದೇ ಕರಕರ. ರೋಗ ಇದ್ದದ್ದು ಪೆಡಲ್ ಹತ್ತಿರದ ಒಂದು ಸಣ್ಣ ಪಿನ್ನಿನಲ್ಲಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಮೊದಲು ಕ್ಲಚ್ಚೋ ಗೇರ್‌ಬಾಕ್ಸೋ ಅನ್ನುವುದನ್ನು ಬೇರೆ ಮಾಡಿಕೊಳ್ಳೋಣ. ಎಂಜಿನ್ ಆಫ್ ಮಾಡಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಗಾಡಿ ನಿಂತಿರುವಾಗ ಒಂದೆರಡು ಸಲ ಹಲ್ಲಿಗೆ ಹಲ್ಲು ತಾಗಿ ಬೀಳದೆ ಇರಬಹುದು, ಅದು ಸಹಜ. ಕ್ಲಚ್ ಬಿಟ್ಟು ಮತ್ತೆ ತುಳಿದು ಹಾಕಿದರೆ ಬೀಳಬೇಕು. ಹೀಗೆ ಎಲ್ಲವೂ ಸಲೀಸಾಗಿ ಬಿದ್ದರೆ ಲಿವರ್, ಸೆಲೆಕ್ಟರ್, ಫೋರ್ಕ್ ಇವೆಲ್ಲ ತಕ್ಕಮಟ್ಟಿಗೆ ಸರಿಯಿವೆ ಎಂದು ಅರ್ಥ.

ಮುಂದಿನ ಪರೀಕ್ಷೆ ಎಂಜಿನ್ ಬಿಸಿಯಾದ ಮೇಲೆ. ಗಾಡಿಯ ಮುಂದೆಯೂ ಹಿಂದೆಯೂ ಸಾಕಷ್ಟು ಖಾಲಿ ಜಾಗ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಬಲಗಾಲು ಬ್ರೇಕ್ ಮೇಲಿರಲಿ. ಎಂಜಿನ್ ಐಡಲ್‌ನಲ್ಲಿರುವಾಗ ಕ್ಲಚ್ ತುಳಿದು ಲಿವರನ್ನು ಸೆಕೆಂಡಿಗೆ ತಳ್ಳಿ. ಸೆಕೆಂಡಿಗೆ ಸಿಂಕ್ರೋ ಇದೆ, ಅದು ಒಳಗೆ ತಿರುಗುತ್ತಿರುವ ಶಾಫ್ಟನ್ನು ಹಿಡಿದು ನಿಲ್ಲಿಸುತ್ತದೆ. ಕ್ಲಚ್ ಬಿಡದೆ ತಕ್ಷಣ ರಿವರ್ಸ್‌ಗೆ ಹಾಕಿ. ಸದ್ದಿಲ್ಲದೆ ಬಿತ್ತಾ? ಈಗ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ತುಳಿದೇ ಇಟ್ಟು ಹತ್ತರವರೆಗೆ ಎಣಿಸಿ, ಮತ್ತೆ ರಿವರ್ಸ್ ಹಾಕಿ. ಈ ಸಲ ಕರಕರ ಅಂದರೆ ಲೆಕ್ಕ ಸರಳ. ನಿಂತಿದ್ದ ಶಾಫ್ಟನ್ನು ಆ ಹತ್ತು ಸೆಕೆಂಡಿನಲ್ಲಿ ಯಾರೋ ಮತ್ತೆ ತಿರುಗಿಸಿದ್ದಾರೆ. ಪೂರ್ತಿ ಬಿಡದ ಕ್ಲಚ್ ಬಿಟ್ಟರೆ ಅದನ್ನು ತಿರುಗಿಸುವುದಕ್ಕೆ ಅಲ್ಲಿ ಹೆಚ್ಚು ಜನ ಇಲ್ಲ.

ರಿವರ್ಸ್‌ನಲ್ಲೇ ಯಾಕೆ ಪರೀಕ್ಷೆ ಅಂದರೆ, ಅದಕ್ಕೆ ಸಿಂಕ್ರೋ ಇಲ್ಲ. ತಪ್ಪನ್ನು ಮುಚ್ಚಿಡುವವರು ಯಾರೂ ಇಲ್ಲದ ಗೇರ್ ಅದು. 1967ರವರೆಗಿನ ಎಂಜಿಬಿಗಳಲ್ಲಿ ಫಸ್ಟ್‌ಗೂ ಸಿಂಕ್ರೋ ಇರಲಿಲ್ಲ, ಆಮೇಲೆ ಬಂದ ಬಾಕ್ಸ್‌ನಲ್ಲಿ ನಾಲ್ಕೂ ಮುಂದಿನ ಗೇರ್‌ಗಳಿಗೆ ಕೊಟ್ಟರು. ನಿಮ್ಮದು 1972ರದ್ದು. ಬಾಕ್ಸನ್ನು ಯಾರೂ ಬದಲಾಯಿಸಿಲ್ಲ ಅಂದರೆ ನಿಂತ ಗಾಡಿಯಲ್ಲಿ ಫಸ್ಟ್ ಸುಮ್ನೆ ಬೀಳಬೇಕು.

ಸಿಂಕ್ರೋ ಹೋದ ಗಾಡಿಯ ಲಕ್ಷಣವೇ ಬೇರೆ. ಅದು ಓಡುತ್ತಿರುವಾಗ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಯಾವುದೋ ಒಂದೇ ಗೇರ್‌ನಲ್ಲಿ, ಮೂರರಿಂದ ಎರಡಕ್ಕೆ ಬೇಗ ಇಳಿಸುವಾಗ ಕರ್ರ್ ಅನ್ನುತ್ತದೆ. ನಿಧಾನವಾಗಿ ಹಾಕಿದರೆ ಸುಮ್ಮನಿರುತ್ತದೆ. ಸಿಗ್ನಲ್‌ನಲ್ಲಿ ನಿಂತ ಗಾಡಿಯನ್ನು ಮುಂದಕ್ಕೆ ತಳ್ಳುವ ಶಕ್ತಿ ಯಾವ ಸವೆದ ಸಿಂಕ್ರೋಗೂ ಇಲ್ಲ. ನಿಮ್ಮ ಮೆಕ್ಯಾನಿಕ್‌ಗೆ ಈ ಒಂದು ಮಾತು ಹೇಳಿ ನೋಡಿ.

ಇನ್ನೊಂದು ಸಣ್ಣ ವಿಷಯ. ಐಡಲ್ ಎಷ್ಟಿದೆ? ಬಿಸಿಯಾದ ಮೇಲೆ ನಿಮಿಷಕ್ಕೆ 800 ಸುತ್ತಿನ ಆಸುಪಾಸು ಇರಬೇಕಾದ್ದು 1,200ಕ್ಕೆ ಏರಿದ್ದರೆ, ಅರೆಬರೆ ಬಿಡುವ ಕ್ಲಚ್ಚಿನ ತೊಂದರೆ ದುಪ್ಪಟ್ಟಾಗಿ ಕಾಣುತ್ತದೆ. ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿದರೆ ರೋಗ ಹೋಗುವುದಿಲ್ಲ, ಆದರೆ ಐಡಲ್ ಸರಿಯಿಲ್ಲದೆ ಮಾಡಿದ ಪರೀಕ್ಷೆಯನ್ನು ನಂಬುವಂತಿಲ್ಲ.

ಈಗ ಅಸಲಿ ಕೆಲಸ, ಅಳತೆ. ಎಂಜಿಬಿ ಕ್ಲಚ್ ಹೈಡ್ರಾಲಿಕ್. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಫ್ಲೂಯಿಡನ್ನು ತಳ್ಳುತ್ತದೆ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನಿಂದ ಒಂದು ಕಡ್ಡಿ ಹೊರಬಂದು ಕ್ಲಚ್ ಬಿಡಿಸುವ ಫೋರ್ಕನ್ನು ತಳ್ಳುತ್ತದೆ. ಕಡ್ಡಿ ಎಷ್ಟು ಹೊರಗೆ ಬರುತ್ತದೆ ಅನ್ನುವುದೇ ಇಡೀ ಕಥೆ. ಸರಿಯಿರುವ ಗಾಡಿಯಲ್ಲಿ ಅದು ಸುಮಾರು ಅರ್ಧ ಇಂಚು, ಅಂದರೆ 12ರಿಂದ 13 ಮಿಲಿಮೀಟರ್.

ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿಕೊಂಡು ಕೆಳಗೆ ತೂರಬೇಡಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಮೇಲೆ ಒಬ್ಬರು ಕೂತು ಪೆಡಲ್ ತುಳಿಯಲಿ, ನೀವು ಕೆಳಗೆ ಮಲಗಿ. ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಮುಂದೆ ಕಡ್ಡಿಯ ಮೇಲೆ ಬಿಳಿ ಪೇಂಟಿನಿಂದ ಒಂದು ಗೆರೆ ಹಾಕಿ. ಸ್ಟೀಲ್ ಸ್ಕೇಲ್ ಹಿಡಿದು, ಗೇರ್‌ಬಾಕ್ಸಿನ ಯಾವುದಾದರೂ ಅಲ್ಲಾಡದ ಅಂಚಿನಿಂದ ಆ ಗೆರೆ ಎಷ್ಟು ದೂರ ಇದೆ ನೋಡಿಕೊಳ್ಳಿ. ಮೇಲಿನವರಿಗೆ ಪೆಡಲ್ ನೆಲಕ್ಕೆ ತಾಗುವವರೆಗೆ ನಿಧಾನವಾಗಿ ತುಳಿಯಲು ಹೇಳಿ, ಮತ್ತೆ ಅಳೆಯಿರಿ. ಕಣ್ಣಂದಾಜು ಬೇಡ. ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಲ್ಲೇ ಇಲ್ಲಿ ಗೇರ್ ಬೀಳುವುದು, ಬೀಳದೆ ಇರುವುದು ತೀರ್ಮಾನ ಆಗುತ್ತದೆ.

ಅಷ್ಟಕ್ಕೇ ಎದ್ದು ಬರಬೇಡಿ. ಪೆಡಲನ್ನು ಹಾಗೇ ತುಳಿದು ಹಿಡಿದಿರಲು ಹೇಳಿ, ಅರ್ಧ ನಿಮಿಷ ಆ ಬಿಳಿ ಗೆರೆಯನ್ನೇ ನೋಡುತ್ತಿರಿ. ಪೆಡಲ್ ಅಲ್ಲಾಡದಿದ್ದರೂ ಗೆರೆ ಮೆಲ್ಲಗೆ ಬೂಟಿನ ಕಡೆಗೆ ಹಿಂದೆ ಸರಿಯುತ್ತಿದ್ದರೆ ಫ್ಲೂಯಿಡ್ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದೆ. ಹೊರಗೆ ಒಂದು ತೊಟ್ಟೂ ಕಾಣದಿದ್ದರೆ ಅದು ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು. ಫ್ಲೂಯಿಡ್ ಸೀಲಿನ ಪಕ್ಕದಿಂದ ನುಸುಳಿ ವಾಪಸ್ ಮೇಲಿನ ಫ್ಲೂಯಿಡ್ ಡಬ್ಬಿಗೇ ಹೋಗುತ್ತಿರುತ್ತದೆ, ಅದಕ್ಕೇ ಮಟ್ಟ ಇಳಿಯುವುದಿಲ್ಲ, ನೆಲಕ್ಕೂ ಹನಿಯುವುದಿಲ್ಲ. ಈ ಪರೀಕ್ಷೆಯನ್ನು ತಣ್ಣಗಿರುವಾಗ ಒಂದು ಸಲ, ಅರ್ಧ ಗಂಟೆ ಓಡಿಸಿ ಬಂದ ತಕ್ಷಣ ಇನ್ನೊಂದು ಸಲ ಮಾಡಿ. ಬಿಸಿಯಾದ ಫ್ಲೂಯಿಡ್ ತೆಳುವಾಗುತ್ತದೆ, ಸವೆದ ಸೀಲಿನ ಪಕ್ಕದಲ್ಲಿ ಇನ್ನೂ ಸುಲಭವಾಗಿ ನುಸುಳುತ್ತದೆ. ಓಡಿಸಿ ಬಂದ ಗಾಡಿಯ ಕೆಳಗೆ ಸೈಲೆನ್ಸರ್ ಪೈಪ್ ಕಾದಿರುತ್ತದೆ, ತೋಳು ಜೋಪಾನ.

ನನ್ನ ಅನುಮಾನ ಇರುವುದೇ ಇಲ್ಲಿ. ಬಿಸಿಯಾದ ಮೇಲೆ ಜಾಸ್ತಿ, ಸಿಗ್ನಲ್‌ನಲ್ಲಿ ತುಳಿದು ನಿಂತರೆ ಮೆಲ್ಲಗೆ ಮುಂದಕ್ಕೆ, ಪಂಪ್ ಮಾಡಿದರೆ ಸ್ವಲ್ಪ ವಾಸಿ. ಈ ಮೂರೂ ಒಟ್ಟಿಗೆ ಇದ್ದರೆ ನಾನು ಮೊದಲು ಕೈ ಹಾಕುವುದು ಮಾಸ್ಟರ್ ಸಿಲಿಂಡರಿಗೆ. ನೀವು ಸ್ಲೇವ್ ಮಾತ್ರ ಬದಲಾಯಿಸಿದಿರಿ. ಎರಡೂ ಒಂದೇ ವಯಸ್ಸಿನವು, ಒಂದೇ ಹಳೆಯ ಫ್ಲೂಯಿಡ್ ಕುಡಿದು ಬೆಳೆದವು. ಗಾಡಿ ವರ್ಷಗಟ್ಟಲೆ ನಿಂತಿದ್ದರೆ ಸಿಲಿಂಡರಿನ ಒಳಮೈಯಲ್ಲಿ ಸಣ್ಣ ಗುಳಿಗಳು ಬಿದ್ದಿರುತ್ತವೆ. ಅಂಥ ಸಿಲಿಂಡರಿಗೆ ಹೊಸ ಸೀಲು ಹಾಕಿದರೂ ಗುಳಿಯ ಅಂಚು ಅದನ್ನು ಬೇಗ ತಿಂದುಹಾಕುತ್ತದೆ. ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಕನ್ನಡಿಯ ಹಾಗೆ ನುಣುಪಾಗಿದ್ದರೆ ಸೀಲ್ ಕಿಟ್ ಸಾಕು. ಗುಳಿ ಕಂಡರೆ ಸಿಲಿಂಡರನ್ನೇ ಬದಲಾಯಿಸಿ.

ಇನ್ನು ನಾನು ಹೇಳಿದ್ದ ಪಿನ್ನು. ಕ್ಲಚ್ ಪೆಡಲಿನ ತೋಳಿಗೂ ಮಾಸ್ಟರ್ ಸಿಲಿಂಡರಿನ ಕಡ್ಡಿಗೂ ನಡುವೆ ಒಂದು ಕ್ಲೆವಿಸ್ ಪಿನ್ ಇರುತ್ತದೆ. ದಪ್ಪ 5/16 ಇಂಚು, ಅಂದರೆ ಎಂಟು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಬಾನೆಟ್ ಎತ್ತಿದರೆ ಮಾಸ್ಟರ್ ಸಿಲಿಂಡರ್‌ಗಳ ಹತ್ತಿರ, ಪೆಡಲ್ ಬಾಕ್ಸ್ ಮೇಲೆ ತಗಡಿನ ಮುಚ್ಚಳ ಕಾಣುತ್ತದೆ. ಅದರ ಸ್ಕ್ರೂಗಳನ್ನು ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಕ್ಲಚ್ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಪೆಡಲಿನ ತೋಳು ಅಲ್ಲಾಡಿದರೂ ಸಿಲಿಂಡರಿನ ಕಡ್ಡಿ ಇನ್ನೂ ಸುಮ್ಮನೆ ನಿಂತಿರುತ್ತದಲ್ಲ, ಆ ಆಟವೇ ನಿಮ್ಮ ಕಳ್ಳ.

ಸ್ಪ್ಲಿಟ್ ಪಿನ್ ತೆಗೆದು ಕ್ಲೆವಿಸ್ ಪಿನ್ನನ್ನು ಅಂಗೈ ಮೇಲೆ ಹಾಕಿಕೊಳ್ಳಿ. ನನ್ನ ಗಾಡಿಯ ಪಿನ್ನು ನಡು ಸಣ್ಣಗಿರುವ ಡಮರುಗದ ಹಾಗಿತ್ತು. ಎರಡು ತುದಿ ದಪ್ಪ, ನಡುವೆ ತೋಳು ಕೂರುವ ಜಾಗದಲ್ಲಿ ಒಂದು ಪಕ್ಕ ತೆಳ್ಳಗೆ. ಉಗುರು ಆಡಿಸಿದರೆ ಮೆಟ್ಟಿಲು ಇಳಿದ ಹಾಗೆ ಟಕ್ ಎಂದು ಸಿಗುತ್ತಿತ್ತು. ತೋಳಿನ ತೂತು ಗುಂಡಗೆ ಇರಲಿಲ್ಲ, ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಎರಡೂ ಸೇರಿ ಮೂರು ಮಿಲಿಮೀಟರ್ ಆಟ.

ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕೋಣ. ಮಾಸ್ಟರಿನ ಒಳ ಅಳತೆ ಮುಕ್ಕಾಲು ಇಂಚು, ಸ್ಲೇವಿನದ್ದು ಒಂದೂಕಾಲು ಇಂಚು. ವಿಸ್ತೀರ್ಣದ ಲೆಕ್ಕದಲ್ಲಿ ಸ್ಲೇವ್ ಸುಮಾರು 2.8 ಪಟ್ಟು ದೊಡ್ಡದು. ಅಂದರೆ ಮಾಸ್ಟರಿನ ಕಡ್ಡಿ 35 ಮಿಲಿಮೀಟರ್ ಒಳಗೆ ಹೋದರೆ ಸ್ಲೇವಿನ ಕಡ್ಡಿ ಹನ್ನೆರಡೂವರೆ ಹೊರಗೆ ಬರುತ್ತದೆ. ಮೇಲೆ ಮೂರು ಮಿಲಿಮೀಟರ್ ಪೋಲಾದರೆ ಕೆಳಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಪೋಲು. ಹನ್ನೆರಡೂವರೆ ಇದ್ದದ್ದು ಹನ್ನೊಂದೂವರೆ ಕೂಡ ಬರುವುದಿಲ್ಲ. ಇದರ ಜೊತೆಗೆ ಒಂದು ಗುಳ್ಳೆ ಗಾಳಿ, ಒಂದು ಸವೆದ ಸೀಲು ಸೇರಿಕೊಂಡರೆ ಹತ್ತಕ್ಕೆ ಇಳಿಯಿತು. ಗೇರ್ ಬೀಳದಿರಲು ಅಷ್ಟು ಸಾಕು. ಹಳೆಯ ಗಾಡಿಗಳಲ್ಲಿ ತಪ್ಪು ಒಂದೇ ಕಡೆ ಇರುವುದು ಅಪರೂಪ. ನಾಲ್ಕು ಕಡೆ ಚಿಲ್ಲರೆ ಚಿಲ್ಲರೆಯಾಗಿ ಕಳೆದುಹೋಗಿರುತ್ತದೆ. ಒಂದು ಭಾಗ ಮಾತ್ರ ಬದಲಾಯಿಸಿ ಏನೂ ಆಗಲಿಲ್ಲ ಎಂದು ಕೈಚೆಲ್ಲುವುದು ಇದಕ್ಕೇ.

ಒಂದು ಸೂಕ್ಷ್ಮ ಇದೆ. ಸ್ಲೇವ್ ಕಡೆಯ ಪಿನ್ನೂ ಸವೆದಿರುತ್ತದೆ, ನೋಡಿ ಗಾಬರಿಯಾಗಬೇಡಿ. ಸ್ಲೇವ್ ಒಳಗಿನ ಸ್ಪ್ರಿಂಗ್ ಆ ಕಡ್ಡಿಯನ್ನು ಯಾವಾಗಲೂ ಫೋರ್ಕಿಗೆ ಒತ್ತಿ ಹಿಡಿದಿರುವುದರಿಂದ ಅಲ್ಲಿನ ಆಟ ತಾನಾಗಿಯೇ ತುಂಬಿಕೊಳ್ಳುತ್ತದೆ. ಪೆಡಲ್ ಕಡೆ ಹಾಗಲ್ಲ. ಅಲ್ಲಿ ರಿಟರ್ನ್ ಸ್ಪ್ರಿಂಗ್ ಪೆಡಲನ್ನು ಮೇಲಕ್ಕೆ ಎಳೆದು ಆಟವನ್ನು ಪ್ರತಿ ಸಲ ಹೊಸದಾಗಿ ತೆರೆಯುತ್ತದೆ. ನೀವು ಪ್ರತಿ ಸಲ ತುಳಿದಾಗಲೂ ಅಷ್ಟು ದೂರ ದಂಡ.

ಪಿನ್ ಹೊಸದು ಹಾಕುವುದು ಸುಲಭ. ತೂತು ಮೊಟ್ಟೆಯಾಗಿದ್ದರೆ ಪೆಡಲ್ ಬಿಚ್ಚಿ, ವೆಲ್ಡ್ ತುಂಬಿಸಿ, ಮತ್ತೆ ಸರಿಯಾದ ಅಳತೆಗೆ ತೂತು ಕೊರೆಸಬೇಕು. ದಪ್ಪ ಪಿನ್ ಹಾಕಿ ತೇಪೆ ಹಚ್ಚುವವರೂ ಇದ್ದಾರೆ. ನನಗೆ ಹಿಡಿಸುವುದಿಲ್ಲ, ಮುಂದಿನ ಸಲ ಬಿಚ್ಚುವವರಿಗೆ ಅದೊಂದು ಒಗಟು.

ಇಲ್ಲಿ ಇನ್ನೊಂದು ಅಡ್ಡದಾರಿಯೂ ಉಂಟು, ಅದರ ಬಗ್ಗೆ ಎಚ್ಚರ ಇರಲಿ. ಎಂಜಿಬಿಯ ಮಾಸ್ಟರ್ ಕಡ್ಡಿಗೆ ಅಡ್ಜಸ್ಟ್‌ಮೆಂಟ್ ಇಲ್ಲ. ಕೆಲವರು ಅದನ್ನು ಕತ್ತರಿಸಿ ಉದ್ದ ಮಾಡಿ ಆಟ ಸೊನ್ನೆ ಮಾಡಿಬಿಡುತ್ತಾರೆ. ಪೆಡಲ್ ಬಿಟ್ಟಾಗ ಮಾಸ್ಟರಿನ ಪಿಸ್ಟನ್ ಪೂರ್ತಿ ಹಿಂದೆ ಬಂದು ಡಬ್ಬಿಯ ಕಡೆಗಿನ ಸಣ್ಣ ರಂಧ್ರವನ್ನು ತೆರೆಯಬೇಕು. ಕಡ್ಡಿ ಉದ್ದವಾದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಗೆ ಫ್ಲೂಯಿಡ್ ಹಿಗ್ಗಿದರೆ ಹೋಗಲು ದಾರಿಯಿಲ್ಲದೆ ಸ್ಲೇವನ್ನೇ ತಳ್ಳುತ್ತದೆ. ಆಗ ಗೇರ್ ಚೆನ್ನಾಗಿ ಬೀಳುತ್ತದೆ, ಆದರೆ ಹತ್ತಾರು ಕಿಲೋಮೀಟರ್ ಹೋದ ಮೇಲೆ ಕ್ಲಚ್ ಸ್ಲಿಪ್ ಆಗಲು ಶುರು. ಹೊಸ ಪ್ಲೇಟ್ ಸುಟ್ಟು ವಾಸನೆ ಬರುವವರೆಗೆ ಕಾರಣ ಹೊಳೆಯುವುದಿಲ್ಲ. ಪೆಡಲಿನ ತುದಿಯಲ್ಲಿ ಚೂರು ಆಟ ಇರಲೇಬೇಕು.

ಕಾರ್ಪೆಟ್ಟನ್ನೂ ಒಮ್ಮೆ ಎತ್ತಿ ನೋಡಿ. ನಗಬೇಡಿ. ಹೊಸ ದಪ್ಪ ಕಾರ್ಪೆಟ್, ಅದರ ಕೆಳಗೆ ಸದ್ದು ತಡೆಯುವ ಫೆಲ್ಟ್, ಮೇಲೆ ರಬ್ಬರ್ ಮ್ಯಾಟ್. ಮೂರೂ ಸೇರಿ ಪೆಡಲಿನ ಕೊನೆಯ ಎರಡು ಸೆಂಟಿಮೀಟರನ್ನು ನುಂಗಿಹಾಕಿದ ಗಾಡಿಯನ್ನು ನಾನೇ ಕಂಡಿದ್ದೇನೆ. ಮ್ಯಾಟ್ ಎಸೆದದ್ದೇ ರಿಪೇರಿ. ಕಾರ್ಪೆಟ್ ಎತ್ತಿದಾಗ ಪೆಡಲಿನ ತೋಳು ಒದ್ದೆಯಾಗಿದೆಯಾ ಎಂದೂ ನೋಡಿ. ಒದ್ದೆಯಿದ್ದರೆ ಮಾಸ್ಟರಿನ ಹಿಂದಿನ ಸೀಲು ಹೋಗಿದೆ, ಉಳಿದ ಪರೀಕ್ಷೆ ಬೇಕಾಗಿಲ್ಲ.

ರಬ್ಬರ್ ಹೋಸ್ ಹಳೆಯದೇ ಇದ್ದರೆ ಅದನ್ನೂ ಈಗಲೇ ತೆಗೆಯಿರಿ. ಅದು ಎರಡು ಥರ ಕೆಡುತ್ತದೆ. ಒಂದು, ಪೆಡಲ್ ತುಳಿದಾಗ ಬಲೂನಿನ ಹಾಗೆ ಉಬ್ಬುತ್ತದೆ. ಕೈಯಲ್ಲಿ ಹಿಡಿದುಕೊಂಡು ಮೇಲಿನವರಿಗೆ ತುಳಿಯಲು ಹೇಳಿದರೆ ಬೆರಳಿಗೇ ಗೊತ್ತಾಗುತ್ತದೆ. ಇನ್ನೊಂದು, ಒಳಗಿನ ಪದರ ಕಿತ್ತು ಬಂದು ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತದೆ. ಆಗ ಪೆಡಲಿನಿಂದ ಕಾಲು ತೆಗೆದರೂ ಕ್ಲಚ್ ನಿಧಾನವಾಗಿ ಹಿಡಿಯುತ್ತದೆ. ನಿಮ್ಮದರಲ್ಲಿ ಈ ಎರಡನೆಯ ಲಕ್ಷಣ ಕಾಣುತ್ತಿಲ್ಲ. ಆದರೂ ಹಳೆಯ ಹೋಸ್ ಉಳಿಸಿ ಗಳಿಸುವುದೇನೂ ಇಲ್ಲ.

ಎರಡು ಸಲ ಬ್ಲೀಡ್ ಮಾಡಿಸಿದೆ ಎಂದಿದ್ದೀರಿ. ಎಂಜಿಬಿ ಕ್ಲಚ್ ಬ್ಲೀಡ್ ಮಾಡುವುದು ಹಠಮಾರಿ ಮಗುವಿಗೆ ಊಟ ಮಾಡಿಸಿದ ಹಾಗೆ. ಮಾಮೂಲಿ ರೀತಿಯಲ್ಲಿ ಮೇಲಿನಿಂದ ಪೆಡಲ್ ತುಳಿದು ಕೆಳಗೆ ಸ್ಲೇವಿನ ನಿಪ್ಪಲ್ (ಗಾಳಿ ಬಿಡುವ ಸ್ಕ್ರೂ) ಬಿಟ್ಟರೆ ಫ್ಲೂಯಿಡ್ ಕೆಳಗೆ ಬರುತ್ತದೆ, ಗಾಳಿ ಮಾತ್ರ ಪೈಪಿನ ಮೇಲಿನ ಬಾಗಿನಲ್ಲಿ ಆರಾಮಾಗಿ ಕೂತಿರುತ್ತದೆ. ಗಾಳಿಗೆ ಮೇಲಕ್ಕೆ ಹೋಗುವುದು ಇಷ್ಟ. ಅದು ಹೋಗುವ ದಿಕ್ಕಿಗೇ ತಳ್ಳಿದರೆ ಜಗಳವಿಲ್ಲ. ಅಂದರೆ ಕೆಳಗಿನ ನಿಪ್ಪಲಿನಿಂದ ಹೊಸ ಫ್ಲೂಯಿಡನ್ನು ಮೇಲಕ್ಕೆ ಏರಿಸಬೇಕು.

ನಾನು ಮಾಡುವುದು ಹೀಗೆ. ಮುಂದಿನ ಬ್ರೇಕ್ ಕ್ಯಾಲಿಪರಿನ ನಿಪ್ಪಲಿಗೂ ಸ್ಲೇವಿನ ನಿಪ್ಪಲಿಗೂ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸುತ್ತೇನೆ. ಮೊದಲು ಬ್ರೇಕ್ ಕಡೆಯಿಂದ ಟ್ಯೂಬ್ ಪೂರ್ತಿ ತುಂಬಿಸಿಕೊಂಡು, ಆಮೇಲೆ ಸ್ಲೇವಿಗೆ ಸಿಕ್ಕಿಸಬೇಕು. ಇಲ್ಲದಿದ್ದರೆ ಟ್ಯೂಬಿನ ಗಾಳಿಯನ್ನೇ ಒಳಗೆ ಕಳಿಸಿದ ಹಾಗಾಗುತ್ತದೆ. ಎರಡೂ ನಿಪ್ಪಲ್ ಸಡಿಲಿಸಿ ಬ್ರೇಕ್ ಪೆಡಲನ್ನು ನಿಧಾನವಾಗಿ ತುಳಿಯುವುದು, ಬಿಡುವ ಮೊದಲು ಕ್ಯಾಲಿಪರಿನ ನಿಪ್ಪಲ್ ಮುಚ್ಚುವುದು, ಮತ್ತೆ ಬಿಚ್ಚಿ ತುಳಿಯುವುದು. ಬ್ರೇಕಿನ ಡಬ್ಬಿ ಖಾಲಿಯಾಗದ ಹಾಗೆ ನೋಡಿಕೊಳ್ಳಿ, ಕ್ಲಚ್ಚಿನ ಡಬ್ಬಿ ಉಕ್ಕದ ಹಾಗೆ ಆಗಾಗ ಸಿರಿಂಜಿನಿಂದ ತೆಗೆಯಿರಿ. ಕ್ಲಚ್ಚಿನ ಡಬ್ಬಿಯಲ್ಲಿ ಬುಳುಬುಳು ಗುಳ್ಳೆ ಏಳುವುದು ಕಾಣುತ್ತದೆ. ಅದು ನಿಂತ ಮೇಲೂ ಸ್ವಲ್ಪ ಹೊತ್ತು ಮುಂದುವರಿಸಿ. ಎರಡು ಡಬ್ಬಿಯಲ್ಲೂ ಒಂದೇ ಥರದ ಹೊಸ ಫ್ಲೂಯಿಡ್ ಇದ್ದರೆ ಮಾತ್ರ ಈ ಉಪಾಯ. ಕೊನೆಗೆ ಬ್ರೇಕ್ ಪೆಡಲ್ ಗಟ್ಟಿಯಿದೆಯಾ ಎಂದು ಪರೀಕ್ಷಿಸದೆ ಗಾಡಿ ಕದಲಿಸಬೇಡಿ. ಬ್ರೇಕ್ ಫ್ಲೂಯಿಡ್ ಪೇಂಟನ್ನು ತಿನ್ನುತ್ತದೆ, ಹಾಗಾಗಿ ಚೆಲ್ಲಿದಲ್ಲಿ ತಕ್ಷಣ ನೀರು ಹಾಕಿ ತೊಳೆಯಿರಿ. ಬರೀ ಬಟ್ಟೆಯಲ್ಲಿ ಒರೆಸಿದರೆ ಕಲೆ ಉಳಿಯುತ್ತದೆ.

ಇಷ್ಟೆಲ್ಲ ಮಾಡಿ ಕಡ್ಡಿ ಹನ್ನೆರಡೂವರೆ ಮಿಲಿಮೀಟರ್ ಬಂದು, ಅರ್ಧ ನಿಮಿಷ ಅಲ್ಲೇ ಗಟ್ಟಿಯಾಗಿ ನಿಂತು, ಆದರೂ ಗೇರ್ ಬೀಳದಿದ್ದರೆ ಆಗ ಮಾತ್ರ ತಪ್ಪು ಒಳಗಿದೆ. ಆಗಲೂ ಗೇರ್‌ಬಾಕ್ಸ್ ಅಲ್ಲ, ಕ್ಲಚ್ ಇರುವ ಜಾಗ.

ಎಂಜಿನ್ ಇಳಿಸುವ ಮೊದಲು ಇನ್ನೊಂದು ನೋಡಿ. ಯಾರಾದರೂ ಕ್ಲಚ್ ತುಳಿಯುವಾಗ ಎಂಜಿನ್ನಿನ ಮುಂದಿನ ಪುಲ್ಲಿಯನ್ನು ಗಮನಿಸಿ. ಕ್ಲಚ್ ಒತ್ತಡ ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಇರಬೇಕಾದ ಆಟ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಡಯಲ್ ಗೇಜ್ ಇಟ್ಟರೆ ಮಾತ್ರ ಗೊತ್ತಾಗುವಷ್ಟು. ಪುಲ್ಲಿ ಮುಂದೆ ಹಿಂದೆ ಹೋಗುವುದು ಬರಿಗಣ್ಣಿಗೇ ಕಂಡರೆ ಆ ಆಟವನ್ನು ಹಿಡಿತದಲ್ಲಿಡುವ ಥ್ರಸ್ಟ್ ವಾಷರ್ ಮುಗಿದಿದೆ. ಸ್ಲೇವಿನ ಕಡ್ಡಿ ಎಷ್ಟೇ ಬಂದರೂ ಕ್ಲಚ್ಚೇ ಮುಂದಕ್ಕೆ ಓಡಿಹೋಗುತ್ತಿರುತ್ತದೆ. ಇದು ಕ್ಲಚ್ ಮಾತ್ರ ಅಲ್ಲ, ಎಂಜಿನ್ ಕೆಲಸ. ಹೀಗಿದ್ದರೆ ಗಾಡಿ ಓಡಿಸುವುದನ್ನು ನಿಲ್ಲಿಸಿ.

ಪುಲ್ಲಿ ಸರಿಯಿದ್ದರೆ ಉಳಿದದ್ದು ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಫೋರ್ಕಿನ ಬುಷ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ತುದಿಯ ಸ್ಪಿಗಾಟ್ ಬುಷ್. ಕೊನೆಯದನ್ನು ಜನ ಮರೆಯುತ್ತಾರೆ. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಕ್ರ್ಯಾಂಕಿನ ತುದಿಯ ಈ ಸಣ್ಣ ಬುಷ್‌ನಲ್ಲಿ ತಿರುಗುತ್ತದೆ. ಎಣ್ಣೆ ಒಣಗಿ ಅದು ಶಾಫ್ಟನ್ನು ಕಚ್ಚಿ ಹಿಡಿದರೆ, ಕ್ಲಚ್ ನೂರಕ್ಕೆ ನೂರು ಬಿಟ್ಟಿದ್ದರೂ ಎಂಜಿನ್ ಆ ಬುಷ್ ಮೂಲಕವೇ ಶಾಫ್ಟನ್ನು ತಿರುಗಿಸುತ್ತದೆ. ಕ್ಲಚ್ ಕಟ್ ಆಗದ ಲಕ್ಷಣವೇ ಕಾಣುತ್ತದೆ. ಬಿಸಿಯಾದ ಮೇಲೆ ಜಾಸ್ತಿ ಆಗುವುದಕ್ಕೂ ಇದು ಕಾರಣ ಆಗಬಹುದು, ಆದರೆ ಇದಾಗಿದ್ದರೆ ಪೆಡಲ್ ಪಂಪ್ ಮಾಡಿ ಪ್ರಯೋಜನ ಇರುವುದಿಲ್ಲ. ನಿಮಗೆ ಪಂಪ್ ಮಾಡಿದರೆ ವಾಸಿ ಆಗುತ್ತಿದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇದನ್ನು ಕೆಳಗಿಟ್ಟಿದ್ದೇನೆ.

ನಿಂತ ಗಾಡಿಗಳಲ್ಲಿ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ಆದರೆ ಅಂಟಿದರೆ ಪೂರ್ತಿ ಅಂಟಿರುತ್ತದೆ, ಬೆಳಿಗ್ಗೆ ಸರಿ ಮಧ್ಯಾಹ್ನ ತಪ್ಪು ಎಂದು ಇರುವುದಿಲ್ಲ. ನೀವು ವರ್ಷದಿಂದ ಓಡಿಸುತ್ತಿದ್ದೀರಿ, ಅದನ್ನು ಬಿಡಿ.

ಎಂಜಿಬಿಯ ರಿಲೀಸ್ ಬೇರಿಂಗ್ ಗುಂಡುಗಳಿರುವ ಬೇರಿಂಗ್ ಅಲ್ಲ, ಗ್ರಾಫೈಟ್ ಬಿಲ್ಲೆ. ಕ್ಲಚ್ ತುಳಿದಷ್ಟು ಹೊತ್ತೂ ಅದು ಉಜ್ಜಿ ಸವೆಯುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ತುಳಿದು ನಿಲ್ಲುತ್ತೇನೆ ಎಂದು ಬರೆದಿದ್ದೀರಲ್ಲ, ಆ ಅಭ್ಯಾಸ ಇವತ್ತೇ ಬಿಡಿ. ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ. ಓಡಿಸುವಾಗ ಎಡಗಾಲು ಪೆಡಲ್ ಮೇಲೆ ಒರಗಿಸುವುದೂ ಬೇಡ. ಗ್ರಾಫೈಟ್ ಬದಲು ಬಾಲ್ ಬೇರಿಂಗ್ ಹಾಕಿಸಿ ಎಂದು ಹೇಳುವವರು ಸಿಗುತ್ತಾರೆ. ಸರಿಯಾಗಿ ಓಡಿಸಿದರೆ ಮೂಲದ ಗ್ರಾಫೈಟೇ ಪ್ಲೇಟಿನಷ್ಟು ದಿನ ಬಾಳುತ್ತದೆ ಅನ್ನುವುದು ನನ್ನ ಅನುಭವ. ಎಂದಾದರೂ ಎಂಜಿನ್ ಇಳಿಸಿದರೆ ಮಾತ್ರ ಪ್ಲೇಟ್, ಕವರ್, ಬೇರಿಂಗ್, ಸ್ಪಿಗಾಟ್ ಬುಷ್, ಫೋರ್ಕಿನ ಬುಷ್, ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ಹಾಕಿ. ಅಲ್ಲಿ ಉಳಿತಾಯ ಮಾಡಿದವರು ಮತ್ತೆ ಕ್ರೇನ್ ತರಿಸುತ್ತಾರೆ.

ಗೇರ್‌ಬಾಕ್ಸ್ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಅದರೊಳಗೆ ಯಾವ ಎಣ್ಣೆ ಇದೆ? ಎಂಜಿಬಿಯ ಗೇರ್‌ಬಾಕ್ಸಿಗೆ ಹಾಕುವುದು ಎಂಜಿನ್ ಆಯಿಲ್, 20ಡಬ್ಲ್ಯೂ50. ಗೇರ್‌ಬಾಕ್ಸ್ ಅಂದ ತಕ್ಷಣ ದಪ್ಪ ಗೇರ್ ಆಯಿಲ್ ಸುರಿಯುವವರಿದ್ದಾರೆ. ದಪ್ಪ ಎಣ್ಣೆಯ ಪದರವನ್ನು ಸಿಂಕ್ರೋ ಉಂಗುರ ಬೇಗ ಒರೆಸಿ ಹಿಡಿಯಲಾರದು, ಹಾಗಾಗಿ ತಣ್ಣಗಿರುವಾಗ ಗೇರ್ ಗಡುಸು, ಬಿಸಿಯಾದ ಮೇಲೆ ಸಲೀಸು. ನಿಮ್ಮದು ಉಲ್ಟಾ, ಆದ್ದರಿಂದ ತೊಂದರೆಯ ಮೂಲ ಇದಲ್ಲ. ಆದರೂ ಹಿಂದಿನ ಮಾಲೀಕರು ಏನು ಸುರಿದಿದ್ದಾರೋ ಗೊತ್ತಿಲ್ಲದಿದ್ದರೆ ಒಮ್ಮೆ ಖಾಲಿ ಮಾಡಿ ಹೊಸದು ಹಾಕಿ. ಓವರ್‌ಡ್ರೈವ್ ಇರುವ ಗಾಡಿಯಾದರೆ ಅದೂ ಇದೇ ಎಣ್ಣೆಯಲ್ಲೇ ಕೆಲಸ ಮಾಡುತ್ತದೆ.

ಬೇರೆ ಹಳೆಯ ಸ್ಪೋರ್ಟ್ಸ್ ಕಾರ್ ಇಟ್ಟವರೂ ಇದನ್ನು ಓದುತ್ತಿರಬಹುದು. ಅಳತೆಯಿಂದ ಶುರು ಮಾಡುವುದು ಎಲ್ಲದಕ್ಕೂ ಒಂದೇ, ಕಳ್ಳ ಇರುವ ಜಾಗ ಮಾತ್ರ ಬೇರೆ. ಟ್ರಯಂಫ್ ಟಿಆರ್6ನಲ್ಲಿ ಫೋರ್ಕನ್ನು ಅದರ ಶಾಫ್ಟಿಗೆ ಹಿಡಿದಿಡುವ ಟೇಪರ್ ಪಿನ್ ಮುರಿಯುವುದು ಹೆಸರುವಾಸಿ ರೋಗ. ಹೊರಗೆ ಎಲ್ಲ ಸರಿಯಾಗಿ ಚಲಿಸುತ್ತದೆ, ಒಳಗೆ ಫೋರ್ಕ್ ಅಷ್ಟು ತಿರುಗುವುದಿಲ್ಲ. ಸಮಾಧಾನ ಏನೆಂದರೆ ಅದರ ಗೇರ್‌ಬಾಕ್ಸ್ ಸೀಟುಗಳ ನಡುವಿನ ಟನಲ್ ಕವರ್ ಬಿಚ್ಚಿದರೆ ಗಾಡಿಯ ಒಳಗಿನಿಂದಲೇ ಹೊರಬರುತ್ತದೆ. ಹಳೆಯ ಪೋರ್ಷೆ 911ಗಳಲ್ಲಿ, 1986ರ ಮಾದರಿಯವರೆಗೆ, ಹೈಡ್ರಾಲಿಕ್ಕೇ ಇಲ್ಲ, ಕೇಬಲ್. ಅಲ್ಲಿ ಕೇಬಲ್ ಹಿಗ್ಗಿದೆಯಾ, ಪೆಡಲಿನ ಬುಷ್ ಸವೆದಿದೆಯಾ ಎಂದು ಮೊದಲು ನೋಡಬೇಕು.

ನಿಮ್ಮ ಕೆಲಸದ ಕ್ರಮ ಈಗ ಹೀಗಿರಲಿ. ಮೊದಲು ಮ್ಯಾಟ್ ತೆಗೆದು ಅಳತೆ, ತಣ್ಣಗಿರುವಾಗ ಮತ್ತು ಬಿಸಿಯಲ್ಲಿ. ಆಮೇಲೆ ಪೆಡಲ್ ಬಾಕ್ಸಿನ ಮುಚ್ಚಳ ಬಿಚ್ಚಿ ಪಿನ್ನು. ಅದಾದ ಮೇಲೆ ಮಾಸ್ಟರ್ ಮತ್ತು ಹೋಸ್ ಒಟ್ಟಿಗೆ, ಕೆಳಗಿನಿಂದ ಬ್ಲೀಡ್. ಮತ್ತೆ ಅಳತೆ. ಮೂರು ಸಂಖ್ಯೆ ಬರೆದು ಕಳಿಸಿ: ತಣ್ಣಗಿರುವಾಗ ಕಡ್ಡಿ ಎಷ್ಟು ಬಂತು, ಬಿಸಿಯಲ್ಲಿ ಎಷ್ಟು, ಅರ್ಧ ನಿಮಿಷದಲ್ಲಿ ಎಷ್ಟು ಹಿಂದೆ ಸರಿಯಿತು. ಸವೆದ ಪಿನ್ನಿನ ಒಂದು ಫೋಟೋ ಕೂಡ ಇರಲಿ. ಅಲ್ಲಿಯವರೆಗೆ ಎಂಜಿನ್ ಕ್ರೇನ್ ತರಿಸಬೇಡಿ.